ಹೋಲ್ಡಾನ್

ಹದಿನಾಲ್ಕು ವರ್ಷ ನಿಂತೇ ಇದ್ದವನು ನಾನು.
ಹಾಸನ–ಬೇಲೂರು, ಬೇಲೂರು–ಹಾಸನ,
ಹಗರೆಯ ತಿರುವಿಗೆ ಸೊಂಟ ತಾನೇ ವಾಲುತ್ತದೆ
ನಿದ್ದೆಯಲ್ಲೂ.
ಆ ಮೇಡಂ ಮೊದಲು ಹೇಳಿದ್ದು:
ಕೂತ್ಕೊಳ್ಳಿ, ಪಾಲಾಕ್ಷ.
ಕುರ್ಚಿ ಎಳೆದೆ.
ಅಲ್ಲಲ್ಲ, ನೆಲದ ಮೇಲೆ.

ಮೋಕ್ಷಿತನಿಗೆ ಮೂರು ತುಂಬಿ ನಾಲ್ಕು ತಿಂಗಳು.
ನಾನು ಅವನ ಬಾಳಿಗೆ, ಇಲ್ಲ,
ಅವನು ನನ್ನ ಮನೆಗೆ ಬಂದು ಐದು.
ಆಶಾರಾಣಿ ಗಾರ್ಮೆಂಟ್ಸಿನ ವ್ಯಾನು ಹತ್ತಿದೊಡನೆ
ಬಾಗಿಲ ಹಿಂದೆ ಸೇರಿಬಿಡುತ್ತಿದ್ದ
ಅವಳ ಹಳೇ ವೇಲು ಹಿಡಿದು.
ಕರೆದರೂ ಇಲ್ಲ, ಚಾಕಲೇಟಿಗೂ ಇಲ್ಲ.
ಬೇಲೂರಿಂದ ತಂದ ಕೀ ಕೊಡುವ ಕಾರು
ಓಡಿಹೋಗಿ ಗೋಡೆಗೆ ಗುದ್ದಿ
ಅಲ್ಲೇ ಚಕ್ರ ತಿರುಗಿಸುತ್ತಿತ್ತು.
ಇಬ್ಬರೂ ಅದನ್ನೇ ನೋಡಿದೆವು,
ಬೇರೆ ಬೇರೆ ಕಡೆಯಿಂದ.

ಮಂಗಳವಾರ ನನಗೆ ಎರಡನೇ ಪಾಳಿ.
ಜಿಲ್ಲಾಸ್ಪತ್ರೆಯ ಹಿಂದಿನ ಕೋಣೆ, ಒಂದು ಚಾಪೆ.
ಶಾಹಿದಾ ಮೇಡಂ ಅಂಗಡಿಯ ಆಟಿಕೆ ಒಂದೂ ಇಟ್ಟಿರಲಿಲ್ಲ.
ಚೊಂಬು, ಹನ್ನೊಂದು ಬಾಟಲಿ ಮುಚ್ಚಳ, ಸೀರೆಯ ತುಂಡು.
ಕಲಿಸಬೇಡಿ, ಅಂದರು. ಬಣ್ಣ ಯಾವುದು ಕೇಳಬೇಡಿ.
ಅವನು ಎಲ್ಲಿಗೆ ಹೋಗ್ತಾನೋ ಅಲ್ಲಿಗೆ ಹೋಗಿ.
ಅಷ್ಟೇನಾ, ಅಂದೆ.
ಅಷ್ಟೇ, ಅಂದರು.
ಆ ಅಷ್ಟೇಯೊಳಗೆ ಶಿರಾಡಿ ಘಾಟಿಯೇ ಇತ್ತು
ಅಂತ ಆಮೇಲೆ ಗೊತ್ತಾಯಿತು.

ಮುಚ್ಚಳ ಚೊಂಬಿಗೆ. ಟಣ್.
ಚೊಂಬು ಕವುಚಿದರೆ ಎಲ್ಲ ಹೊರಗೆ.
ಮತ್ತೆ ಟಣ್.
ನಾನು ಬಾಯಿ ಹಾಕಿದೆ: ಒಂದು, ಎರಡು, ಹೇಳು ಪುಟ್ಟಾ, ಮೂರು…
ಆಟ ನಿಂತಿತು,
ಸ್ಟಾಪಿಲ್ಲದ ಕಡೆ ಬೆಲ್ಲು ಎಳೆದ ಹಾಗೆ.

ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಯಿಂದ
ಮನೆಗೂ ಹನ್ನೊಂದು ಮುಚ್ಚಳ ಕೂಡಿಸಿದೆ.
ಎರಡು ವಾರ ಬಾಯಿ ಕಟ್ಟಿ ಕೂತೆ. ಮಂಡಿನೋವು ಬೇರೆ.
ಅವನೊಂದು ಹಾಕಿದರೆ ನಾನೊಂದು.
ಅವನು ಸುಮ್ಮನಾದರೆ ನಾನೂ.
ಒಳಗ್ ನಡೀರಿ, ಒಳಗ್ ನಡೀರಿ ಅಂತ
ನೂರು ಜನರನ್ನು ತಳ್ಳಿದವನಿಗೆ
ಒಬ್ಬನ ಹಿಂದೆ,
ಮೂರಡಿ ಎತ್ತರದವನ ಹಿಂದೆ ನಡೆಯುವುದು
ಎಷ್ಟು ಕಷ್ಟ.

ಒಂದು ಬೆಳಿಗ್ಗೆ ನೀಲಿ ಮುಚ್ಚಳ
ನನ್ನ ಕಾಲ ಹೆಬ್ಬೆರಳಿಗೆ ತಗುಲಿ ನಿಂತಿತು.
ತಾನಾಗಿ ಉರುಳಿತೋ, ಅವನು ಉರುಳಿಸಿದನೋ.
ಕೇಳಲಿಲ್ಲ. ವಾಪಸ್ ಉರುಳಿಸಿದೆ.
ಬಂತು.
ಉರುಳಿಸಿದೆ.
ಚಿಲ್ಲರೆ ಇಲ್ಲ ಅಂತ ಟಿಕೆಟಿನ ಬೆನ್ನಿಗೆ ಬರೆದು
ಕೊಡದೇ ಉಳಿದ ಎಷ್ಟೋ ಜನರ ಬಾಕಿ
ಯಾಕೋ ಅವತ್ತು ನೆನಪಾಯಿತು.
ಇವನದು ಮಾತ್ರ ಕೈಯಿಂದ ಕೈಗೆ, ಬಿಸಿಬಿಸಿ,
ಪೈಸೆ ಬಾಕಿಯಿಲ್ಲದೆ ಚುಕ್ತಾ ಆಗಿ
ಮತ್ತೆ ಸಾಲವಾಗುತ್ತಿತ್ತು.

ಆಮೇಲೆ ನನ್ನ ಚೀಲ ಅವನದಾಯಿತು.
ಚಾಪೆಯೇ ಬಸ್ಸು. ಪ್ರಯಾಣಿಕರು ನಾನು, ದಿಂಬು,
ಮತ್ತೆ ಅವರಮ್ಮನ ವೇಲು.
ಪೇಪರಿನ ಚೂರು ಹರಿದುಕೊಟ್ಟ.
ಎಷ್ಟಪ್ಪಾ?
ತಲೆ ಅಲ್ಲಾಡಿಸಿದ. ದುಡ್ಡು ಬೇಡ.
ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿ ಟಿಕೆಟ್ಟು
ನನಗೂ ಒಂದು ಸಿಕ್ಕಿತು, ಜೀವನದಲ್ಲಿ.

ಬೆಲ್ಲಿಗೆ ಹಗ್ಗ ಬೇಕಲ್ಲ, ನನ್ನ ಅಂಗಿಯ ತೋಳು ಹಿಡಿದೆಳೆದ.
ಈ ಮನೆಗೆ ಬಂದ ಮೇಲೆ
ಅವನಾಗಿ ನನ್ನನ್ನು ಮುಟ್ಟಿದ್ದು ಅದೇ ಮೊದಲು.
ರೈಟ್, ಅಂದೆ, ಮೆಲ್ಲಗೆ.
ಬಸ್ಸು ಹೊರಟಿತು, ಹೋಯಿತು, ಹೋಗುತ್ತಲೇ ಇತ್ತು.
ನಿಲ್ಲಿಸುವ ಮಾತನ್ನು ಅವನೇ ಹುಡುಕಿದ
(ನಿದ್ದೆಯಲ್ಲಿ ನಾನು ಕೂಗುವುದನ್ನು ಕೇಳಿಸಿಕೊಂಡಿದ್ದನೇನೋ):
ಹೋಲ್ಡಾನ್!
ಕೂತಲ್ಲೇ ಮುಗ್ಗರಿಸಿದೆ. ನಕ್ಕ.
ಮತ್ತೆ ಅಂದ, ಮತ್ತೆ ಮುಗ್ಗರಿಸಿದೆ.
ಸೊಂಟಕ್ಕೆ ಗೊತ್ತಿದ್ದ ವಿದ್ಯೆ.

ಅಪ್ಪ ಅಂತಾನೇನೋ ಈಗ, ಡಿಪೋದಲ್ಲಿ ಕೇಳುತ್ತಾರೆ.
ಇಲ್ಲ. ಆ ಪದಕ್ಕೆ ಗೋಡೆಯ ಫೋಟೋದಲ್ಲೊಬ್ಬರಿದ್ದಾರೆ,
ಇರಲಿ.
ನಿನ್ನೆ ಕಡೇ ಟ್ರಿಪ್ಪು ಮುಗಿಸಿ
ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ.
ಒಳಗೆ ಅರೆನಿದ್ದೆಯಲ್ಲಿ ಹೇಳುತ್ತಿದ್ದ:
ಅಮ್ಮಾ, ಹೋಲ್ಡಾನ್ ಬಂತು.